ನ್ಯಾರೋಬೋಟ್: ಬಾಡಿಗೆಗೋ, ಸ್ವಂತಕ್ಕೋ, ಹನ್ನೆರಡರಲ್ಲಿ ಒಂದು ಪಾಲಿಗೋ?

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ನೆಲೆಸಿದ ನಮ್ಮವರು ಎರಡು ಮೂರು ಬೇಸಿಗೆ ಕಳೆದ ಮೇಲೆ ಒಂದು ಮಾತು ಕೇಳೇ ಕೇಳುತ್ತಾರೆ. ‘ಆ ಉದ್ದುದ್ದ ದೋಣಿ ಒಂದು ತಗೊಂಡ್ರೆ ಎಷ್ಟಾಗುತ್ತೆ?’ ನಾಲೆಯ ಮೇಲೆ ಓಡುವ ನ್ಯಾರೋಬೋಟಿನ ಮಾತು ಅದು. ನಾನೂ ಹಾಗೇ ಕೇಳಿದ್ದೆ. ಹುಟ್ಟಿ ಬೆಳೆದದ್ದು ಪಾಂಡವಪುರದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಮಗ್ಗುಲಲ್ಲಿ. ನಮಗೆ ನಾಲೆ ಅಂದರೆ ಗದ್ದೆಗೆ ನೀರು ಬರುವ ದಾರಿ. ಇಲ್ಲಿಯ ನಾಲೆಗಳನ್ನು ತೋಡಿದ್ದೇ ದೋಣಿಗೋಸ್ಕರ. ಕಲ್ಲಿದ್ದಲು, ಕಬ್ಬಿಣ, ಪಿಂಗಾಣಿಯ ಮಣ್ಣು ಸಾಗಿಸಲು ತೋಡಿದ ನೀರಿನ ಮೇಲೆ ಈಗ ಜನ ರಜೆ ಕಳೆಯುತ್ತಾರೆ. ಕೆಲವರು ವರ್ಷಪೂರ್ತಿ ಅಲ್ಲೇ ವಾಸವಿದ್ದಾರೆ.

ಬಾಡಿಗೆಗೆ ತೆಗೆದುಕೊಂಡು ನೋಡಿದ್ದೇನೆ. ಗೆಳೆಯರ ಜೊತೆ ಸೇರಿ ಕೊಂಡು ಕೈ ಸುಟ್ಟುಕೊಂಡಿದ್ದೇನೆ. ಈಗ ಒಂದು ದೋಣಿಯ ಹನ್ನೆರಡು ಪಾಲುಗಳಲ್ಲಿ ಒಂದು ನಮ್ಮದು. ಹಾಗಾಗಿ ಇದು ಹೊರಗೆ ನಿಂತು ನೋಡಿ ಬರೆದದ್ದಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪಾಲು ಕೊಳ್ಳುವವರು ದೋಣಿಯನ್ನು ನೋಡಲು ಕಳೆಯುವ ಹೊತ್ತಿನ ಎರಡರಷ್ಟನ್ನು ಅದರ ಕಾಗದಪತ್ರ ಓದಲು, ಉಳಿದ ಪಾಲುದಾರರ ಜೊತೆ ಮಾತಾಡಲು ಕಳೆಯಬೇಕು. ತುಕ್ಕು ಹಿಡಿದ ಕಬ್ಬಿಣ ಬದಲಿಸಬಹುದು. ಹನ್ನೊಂದು ಜನರನ್ನು ಬದಲಿಸೋಕಾಗಲ್ಲ.

ಮೊದಲು ದೋಣಿಯ ಪರಿಚಯ

ನಾಲೆ ಏರುವ, ಇಳಿಯುವ ಕಡೆ ದೋಣಿಯನ್ನು ನೀರಿನ ಜೊತೆಗೇ ಎತ್ತುವ, ಇಳಿಸುವ ಬಾಗಿಲಿನ ತೊಟ್ಟಿಗೆ ಲಾಕು ಅನ್ನುತ್ತಾರೆ. ಇಲ್ಲಿಯ ಕಿರಿದಾದ ನಾಲೆಗಳ ಲಾಕುಗಳು ಸುಮಾರು 7 ಅಡಿ ಅಗಲ. ಹದಿನೆಂಟನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಹಾಕಿದ ಅಳತೆ ಅದು. ಆದ್ದರಿಂದ ದೋಣಿಯ ಅಗಲ 6 ಅಡಿ 10 ಇಂಚು. ಉದ್ದ ಮಾತ್ರ 30 ಅಡಿಯಿಂದ 70 ಅಡಿ ದಾಟುವವರೆಗೂ ಇರುತ್ತದೆ. ನಮ್ಮೂರಿನ ರೈಲಿನ ಬೋಗಿಯೊಳಗೆ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲ ಸಾಲಾಗಿ ಜೋಡಿಸಿದ ಹಾಗೆ ಅಂದುಕೊಳ್ಳಿ. ವೇಗದ ಮಿತಿ ಗಂಟೆಗೆ 4 ಮೈಲಿ. ದಡದಲ್ಲಿ ನಾಯಿ ಹಿಡಿದು ನಡೆಯುವವರು ನಿಮ್ಮನ್ನು ದಾಟಿ ಹೋಗುತ್ತಾರೆ. ಆ ನಿಧಾನವೇ ಇದರ ಸುಖ.

ನಡೆಸಲು ಲೈಸೆನ್ಸ್ ಬೇಡ. ಆದರೆ ದೋಣಿಗೆ ಬೇಕು. ಇಂಗ್ಲೆಂಡ್, ವೇಲ್ಸ್‌ಗಳ ಹೆಚ್ಚಿನ ನಾಲೆಗಳನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಸುಮಾರು 2,000 ಮೈಲಿ. ಅವರ ಲೈಸೆನ್ಸ್, ವಿಮೆ, ನಾಲ್ಕು ವರ್ಷಕ್ಕೊಮ್ಮೆ ಬೋಟ್ ಸೇಫ್ಟಿ ಸರ್ಟಿಫಿಕೇಟ್, ಈ ಮೂರೂ ಇಲ್ಲದೆ ದೋಣಿಯನ್ನು ನೀರಿನಲ್ಲಿ ಇಡುವ ಹಾಗಿಲ್ಲ. ಇಡುವ ಜಾಗಕ್ಕೆ ಮೂರಿಂಗ್ ಅನ್ನುತ್ತಾರೆ. ಅದಕ್ಕೆ ಬೇರೆ ಬಾಡಿಗೆ.

ಬಾಡಿಗೆಗೆ ತೆಗೆದುಕೊಳ್ಳುವುದು

ಒಂದು ಸಲವೂ ದೋಣಿ ನಡೆಸದವರು ಇಲ್ಲಿಂದಲೇ ಶುರು ಮಾಡಿ. ಬೇಸಿಗೆಯಲ್ಲಿ ನಾಲ್ಕು ಜನರ ದೋಣಿಗೆ ವಾರಕ್ಕೆ 1,000ದಿಂದ 2,000 ಪೌಂಡ್ ಆಗುತ್ತದೆ. ದುಬಾರಿ ಅನ್ನಿಸಿದರೂ ಆ ದುಡ್ಡಿನಲ್ಲಿ ಏನೇನು ಸೇರಿದೆ ನೋಡಿ. ಹೊರಡುವ ಮೊದಲು ಕೂರಿಸಿಕೊಂಡು ಹೇಳಿಕೊಡುತ್ತಾರೆ. ಎಂಜಿನ್ ನಿಂತರೆ ಅವರ ಮೆಕ್ಯಾನಿಕ್ ಬರುತ್ತಾನೆ. ನಾಲೆ ಮುಚ್ಚಿದರೆ ಸಾಮಾನ್ಯವಾಗಿ ಬೇರೆ ದಾರಿ ತೋರಿಸುತ್ತಾರೆ.

ಈ ಕೊನೆಯದು ಸಣ್ಣ ವಿಷಯವಲ್ಲ. 2025ರಲ್ಲಿ ಮಳೆ ಕಡಿಮೆಯಾಗಿ ಹಲವು ನಾಲೆಗಳ ಲಾಕುಗಳನ್ನು ಬೇಸಿಗೆಯಲ್ಲೇ ಮುಚ್ಚಬೇಕಾಯಿತು. ಬಾಡಿಗೆಯವರಿಗೆ ಹೋದದ್ದು ಒಂದು ವಾರದ ರಜೆ. ಪಾಲುದಾರರಿಗೆ ವರ್ಷಕ್ಕೊಮ್ಮೆ ಸಿಗುವ ಒಳ್ಳೆಯ ವಾರವೂ ಹೋಯಿತು, ವರ್ಷದ ಖರ್ಚೂ ತಪ್ಪಲಿಲ್ಲ.

ವರ್ಷಕ್ಕೆ ಒಂದೇ ವಾರ ಹೋಗುವವರಾದರೆ ಇಲ್ಲಿಗೇ ನಿಲ್ಲಿ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಒಂದು ಲೆಕ್ಕ

ಇವು ಉದಾಹರಣೆಯ ಅಂಕಿಗಳು. ನಿಮ್ಮ ದೋಣಿಯ ಅಂಕಿ ಹಾಕಿಕೊಂಡು ಮತ್ತೆ ಕೂಡಿ.

57 ಅಡಿಯ ಹಳೆಯ ದೋಣಿಯೊಂದಕ್ಕೆ 60,000 ಪೌಂಡ್ ಅಂತ ಇಟ್ಟುಕೊಳ್ಳೋಣ. ವರ್ಷದ ಖರ್ಚು ಹೀಗೆ: ಮೂರಿಂಗ್ 3,000, ಲೈಸೆನ್ಸ್ 1,400, ವಿಮೆ 400, ಎಂಜಿನ್ ಸರ್ವೀಸ್ ಮತ್ತು ಚಿಲ್ಲರೆ ರಿಪೇರಿ 2,000. ತಳಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ತುಕ್ಕು ತಡೆಯುವ ಕಪ್ಪು ಬಳಿಯಬೇಕು, ಅದಕ್ಕೆ ವರ್ಷಕ್ಕೆ 500 ಎತ್ತಿಡೋಣ. ಮುಂದೆ ಬರುವ ದೊಡ್ಡ ಖರ್ಚಿಗೆ 2,500. ಒಟ್ಟು 9,800 ಪೌಂಡ್.

ಹನ್ನೆರಡು ಪಾಲಾದರೆ ತಲಾ 5,000 ಹಾಕಿ ಕೊಳ್ಳುವುದು, ವರ್ಷಕ್ಕೆ ತಲಾ ಸುಮಾರು 817 ಕಟ್ಟುವುದು. ರಿಪೇರಿಗೆ ನಾಲ್ಕು ವಾರ ಬಿಟ್ಟರೆ ಉಳಿದ 48 ವಾರದಲ್ಲಿ ಒಬ್ಬೊಬ್ಬರಿಗೆ ನಾಲ್ಕು. ಐದು ವರ್ಷದ ಮೇಲೆ ನಿಮ್ಮ ಪಾಲು 3,000ಕ್ಕೆ ಮಾರಿದಿರಿ ಅನ್ನಿ. ಅಂದರೆ ವರ್ಷಕ್ಕೆ 400 ಕರಗಿತು. ಎರಡೂ ಸೇರಿ ವರ್ಷಕ್ಕೆ 1,217.

ನಾಲ್ಕೂ ವಾರ ಹೋದರೆ ವಾರಕ್ಕೆ ಸುಮಾರು 304 ಪೌಂಡ್, ಡೀಸೆಲ್ ಬೇರೆ. ಎರಡು ವಾರ ಹೋದರೆ 608. ಒಂದೇ ವಾರ ಹೋದರೆ 1,217, ಅಂದರೆ ಬಾಡಿಗೆಯ ದರವೇ ಆಯಿತು. ಮೇಲಿಂದ ಮೀಟಿಂಗು, ಇಮೇಲು, ರಿಪೇರಿಯ ಚಿಂತೆ. ಹಾಗಾಗಿ ನನ್ನ ಗೆರೆ ಇದು: ಎರಡು ವಾರ ಖಂಡಿತ ಹೋಗುತ್ತೇವೆ ಅನ್ನುವವರು ಮಾತ್ರ ಪಾಲಿನ ಯೋಚನೆ ಮಾಡಿ. ‘ಹೋಗ್ತೀವಿ’ ಅನ್ನುವ ಆಸೆಯನ್ನು ನಂಬಬೇಡಿ. ಕಳೆದ ಮೂರು ವರ್ಷ ನಿಮ್ಮ ರಜೆ ಎಲ್ಲಿ ಹೋಯಿತು ಅಂತ ನೋಡಿ. ಊರಿಗೆ ಹೋಗುವುದಕ್ಕೇ ರಜೆ ಮುಗಿಯುವ ಮನೆಗಳು ನಮ್ಮಲ್ಲಿ ಜಾಸ್ತಿ.

ಒಬ್ಬರೇ ಕೊಳ್ಳುವುದು

ಅದೇ 9,800 ನಿಮ್ಮೊಬ್ಬರ ತಲೆಯ ಮೇಲೆ. ವರ್ಷಕ್ಕೆ ಹತ್ತು ವಾರ ಹೋದರೂ ವಾರಕ್ಕೆ 980. ಅದೂ ಹಾಕಿದ ಬಂಡವಾಳದ ಸವಕಳಿ ಬಿಟ್ಟು. ದುಡ್ಡು ಉಳಿಸಲು ಯಾರೂ ಸ್ವಂತ ದೋಣಿ ಕೊಳ್ಳುವುದಿಲ್ಲ.

ಆದರೂ ಕೆಲವರಿಗೆ ಇದೇ ಸರಿ. ದೋಣಿಯಲ್ಲೇ ವಾಸ ಮಾಡುವವರಿಗೆ ಬೇರೆ ದಾರಿಯೇ ಇಲ್ಲ. ಪಾಲಿನ ದೋಣಿ ರಜೆಗೆ, ವಾಸಕ್ಕಲ್ಲ. ಮೂರಿಂಗ್ ಇಲ್ಲದೆ ಸುತ್ತುತ್ತಲೇ ಇರುತ್ತೇನೆ ಅನ್ನುವವರು ಒಂದೇ ಜಾಗದಲ್ಲಿ 14 ದಿನಕ್ಕಿಂತ ಜಾಸ್ತಿ ನಿಲ್ಲುವಂತಿಲ್ಲ. ಅವರಿಗೆ 2024ರ ಏಪ್ರಿಲ್‌ನಿಂದ ಲೈಸೆನ್ಸಿನ ಮೇಲೆ ಹೆಚ್ಚುವರಿ ಶುಲ್ಕವೂ ಬಂದಿದೆ. ಮಕ್ಕಳು ಸ್ಕೂಲಿಗೆ ಹೋಗುವ ಮನೆಗೆ ಎರಡು ವಾರಕ್ಕೊಮ್ಮೆ ಜಾಗ ಬದಲಿಸುವುದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಬಗೆಯವರೂ ಇದ್ದಾರೆ. ಶನಿವಾರ ಬೆಳಗ್ಗೆ ಎಂಜಿನ್ ಮುಚ್ಚಳ ತೆಗೆದು ಕೈಯೆಲ್ಲ ಗ್ರೀಸ್ ಮಾಡಿಕೊಂಡರೇ ಅವರಿಗೆ ಸಮಾಧಾನ. ಅವರು ಸ್ವಂತಕ್ಕೇ ಕೊಳ್ಳಲಿ. ಪಾಲಿನ ದೋಣಿಯಲ್ಲಿ ಒಂದು ಬಲ್ಬಿನ ಜಾಗ ಬದಲಿಸಲೂ ಹನ್ನೊಂದು ಜನರನ್ನು ಕೇಳಬೇಕು.

ಗೆಳೆಯರು ಸೇರಿ ಕೊಳ್ಳುವುದು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮವರು ಮೊದಲು ಹೋಗುವುದೇ ಇಲ್ಲಿಗೆ.

ನಾವು ನಾಲ್ಕು ಮನೆಯವರು ಸೇರಿ 45 ಅಡಿಯ ಹಳೆಯ ದೋಣಿ ಕೊಂಡಿದ್ದೆವು. ಎಲ್ಲ ಕನ್ನಡದವರೇ. ಹಬ್ಬ ಹುಣ್ಣಿಮೆಗೆ ಒಬ್ಬರ ಮನೆಯಲ್ಲಿ ಒಬ್ಬರು ಊಟ ಮಾಡುವ ಬಳಕೆ. ‘ನಮ್ ನಮ್ಮಲ್ಲಿ ಕಾಗದ ಯಾಕೆ’ ಅಂದರು. ನಾನೂ ತಲೆಯಾಡಿಸಿದೆ. ಮೊದಲ ಬೇಸಿಗೆ ಬಹಳ ಚೆನ್ನಾಗಿತ್ತು. ಗ್ರ್ಯಾಂಡ್ ಯೂನಿಯನ್ ನಾಲೆಯ ದಡದಲ್ಲಿ ಕೂತು ಕುಕ್ಕರಿನಲ್ಲಿ ಬಿಸಿಬೇಳೆಬಾತ್ ಮಾಡಿ ತಿಂದದ್ದು ಮಕ್ಕಳಿಗೆ ಈಗಲೂ ನೆನಪಿದೆ.

ಎರಡನೇ ಚಳಿಗಾಲದಲ್ಲಿ ಬ್ಯಾಟರಿಗಳು ಸತ್ತವು. ಕೊನೆಗೆ ಹೋದವರು ಚಾರ್ಜ್ ಮಾಡದೆ ಬಿಟ್ಟು ಬಂದರೋ, ಬ್ಯಾಟರಿಗೇ ವಯಸ್ಸಾಗಿತ್ತೋ, ಗೊತ್ತಾಗುವ ದಾರಿ ಇರಲಿಲ್ಲ. ಬರೆದಿಡುವ ಪುಸ್ತಕವೇ ಇರಲಿಲ್ಲ. ಬಳಸಿದ್ದು ಕಡಿಮೆಯಾದರೂ ನಾಲ್ಕನೇ ಒಂದು ಕೊಡಬೇಕಾ ಅನ್ನುವ ಮಾತು ಬಂತು. ಅದು ಆರುವಷ್ಟರಲ್ಲಿ ಒಬ್ಬರಿಗೆ ಬೆಂಗಳೂರಿಗೆ ವರ್ಗವಾಯಿತು. ಪಾಲಿನ ದುಡ್ಡು ವಾಪಸ್ ಬೇಕು ಅಂದರು. ಕೇಳಿದ್ದರಲ್ಲಿ ತಪ್ಪಿಲ್ಲ. ಉಳಿದ ಮೂವರ ಕೈಯಲ್ಲೂ ದುಡ್ಡಿರಲಿಲ್ಲ. ನವೆಂಬರ್ ತಿಂಗಳಲ್ಲಿ, ಯಾರೂ ದೋಣಿ ಕೊಳ್ಳದ ಹೊತ್ತಿನಲ್ಲಿ, ಬಂದ ಬೆಲೆಗೆ ಮಾರಿದೆವು. ದುಡ್ಡು ಹೋದದ್ದಕ್ಕಿಂತ, ಆ ವರ್ಷದ ದೀಪಾವಳಿಗೆ ನಾಲ್ಕು ಮನೆಯವರು ಒಂದು ಕಡೆ ಸೇರಲಿಲ್ಲವಲ್ಲ, ಅದು ಇವತ್ತಿಗೂ ನೋಯುತ್ತದೆ.

ಗೆಳೆಯರ ಜೊತೆ ಬೇಡವೇ ಬೇಡ ಅಂತ ನಾನು ಹೇಳಲ್ಲ. ನಾಲ್ಕು ಮನೆಯಾದರೆ ತಲಾ ಹನ್ನೆರಡು ವಾರ ಸಿಗುತ್ತದೆ. ಮನಸ್ಸು ಬಂದಾಗ ಶುಕ್ರವಾರ ಸಂಜೆ ಹೊರಡಬಹುದು. ಆದರೆ ಲೆಕ್ಕದಲ್ಲಿ ಒಬ್ಬೊಬ್ಬರ ಭಾರ 2,450. ಒಬ್ಬರು ಬಿಟ್ಟರೆ ಕಾಲು ಭಾಗ ಖಾಲಿ. ಹನ್ನೆರಡರಲ್ಲಿ ಒಬ್ಬರು ಬಿಟ್ಟರೆ ಉಳಿದವರು ಹೇಗೋ ತಡೆದುಕೊಳ್ಳುತ್ತಾರೆ. ಪರಿಚಯ ಇಲ್ಲದವರ ಹತ್ತಿರ ಕಾಗದ ಕೇಳಲು ಸಂಕೋಚವೂ ಇರಲ್ಲ, ಅಲ್ವಾ?

ಮಾಡಲೇಬೇಕು ಅಂದರೆ ಒಂದು ಮಾತು ನಡೆಸಿಕೊಡಿ. ದೋಣಿ ನೋಡಲು ಹೋಗುವ ಮೊದಲೇ ಕೂತು ಬರೆಯಿರಿ. ಒಬ್ಬರು ಬಿಟ್ಟರೆ ಬೆಲೆ ಯಾರು ಕಟ್ಟಬೇಕು, ಎಷ್ಟು ತಿಂಗಳಲ್ಲಿ ದುಡ್ಡು ಕೊಡಬೇಕು, ಕೊಡಲಾಗದಿದ್ದರೆ ದೋಣಿ ಮಾರುವುದು ಯಾವಾಗ. ಬರೆಯುವಾಗಲೇ ಮನಸ್ತಾಪ ಬಂದರೆ ಒಳ್ಳೆಯದೇ ಆಯಿತು. ಇನ್ನೂ ಯಾರ ದುಡ್ಡೂ ಹೋಗಿಲ್ಲ.

ಹನ್ನೆರಡು ಪಾಲು: ಕಂಪನಿ ನಡೆಸುವುದೋ, ಪಾಲುದಾರರೇ ನಡೆಸುವುದೋ

ಇಲ್ಲಿ ನಿಮಗೆ ಸಿಗುವುದು ನಿಜವಾದ ಮಾಲೀಕತ್ವ. ರಜೆ ಕ್ಲಬ್ಬಿನ ಸದಸ್ಯತ್ವದಂತಲ್ಲ. ದೋಣಿ ಮಾರಿದರೆ ಹನ್ನೆರಡರಲ್ಲಿ ಒಂದು ಭಾಗ ನಿಮ್ಮ ಕೈಗೆ ಬರಬೇಕು. ಅದು ಕಾಗದದಲ್ಲಿ ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ. ಅದು ಬರೀ ಬಾಡಿಗೆ.

ಕಂಪನಿ ನಡೆಸುವ ಗುಂಪಿನಲ್ಲಿ ನೀವು ದುಡ್ಡು ಕಟ್ಟಿ ಆರಾಮಾಗಿರಬಹುದು. ಸರ್ವೀಸ್, ಲೈಸೆನ್ಸ್, ವಾರದ ಹಂಚಿಕೆ, ಮೀಟಿಂಗು ಎಲ್ಲ ಅವರೇ ನೋಡುತ್ತಾರೆ. ಅದಕ್ಕೆ ಪ್ರತಿ ಪಾಲಿನ ಮೇಲೂ ಅವರ ಫೀಸ್ ಬೀಳುತ್ತದೆ. ಎರಡು ಗಂಟೆ ದೂರದಲ್ಲಿ ಇರುವವರಿಗೆ, ಆಸ್ಪತ್ರೆ ಡ್ಯೂಟಿಯಲ್ಲಿ ದಿಕ್ಕು ತಪ್ಪುವವರಿಗೆ ಇದು ನೆಮ್ಮದಿ. ಒಂದೇ ಎಚ್ಚರಿಕೆ. ಇಂಥ ಕಂಪನಿಗಳು ಬಾಗಿಲು ಹಾಕಿದ್ದುಂಟು. ಆಗ ಪಾಲುದಾರರ ದುಡ್ಡು ಕಂಪನಿಯ ಸ್ವಂತ ಖಾತೆಯಲ್ಲಿ ಇದ್ದರೆ ಅದು ಹೋದಂತೆಯೇ. ಹಾಗಾಗಿ ಮೊದಲ ಪ್ರಶ್ನೆ: ದೋಣಿಯ ದುಡ್ಡು ದೋಣಿಯ ಹೆಸರಿನ ಬೇರೆ ಖಾತೆಯಲ್ಲಿ ಇದೆಯಾ? ಅದರಿಂದ ದುಡ್ಡು ತೆಗೆಯಲು ಪಾಲುದಾರರ ಸಹಿ ಬೇಕಾ?

ಪಾಲುದಾರರೇ ನಡೆಸುವ ಗುಂಪಿನಲ್ಲಿ ಫೀಸ್ ಉಳಿಯುತ್ತದೆ. ಕೆಲಸ ಉಳಿಯಲ್ಲ. ಒಬ್ಬರು ಲೆಕ್ಕ, ಒಬ್ಬರು ಎಂಜಿನ್, ಒಬ್ಬರು ವಾರದ ಪಟ್ಟಿ ನೋಡಬೇಕು. ಹೆಚ್ಚಿನ ಕಡೆ ಇಬ್ಬರು ಮೂವರೇ ಎಲ್ಲ ಹೊತ್ತಿರುತ್ತಾರೆ. ಆ ಇಬ್ಬರಲ್ಲಿ ಒಬ್ಬರು ಬಿಟ್ಟರೆ ಏನು ಗತಿ ಅಂತ ಕೇಳಿ. ಲೈಸೆನ್ಸ್, ಮೂರಿಂಗ್ ಯಾರ ಹೆಸರಿನಲ್ಲಿವೆ ಅಂತಲೂ ಕೇಳಿ. ಒಬ್ಬರೇ ಸಹಿ ಹಾಕಿದ್ದರೆ ಬಾಕಿ ಬಿದ್ದಾಗ ಬಿಲ್ ಬರುವುದು ಅವರ ಬಾಗಿಲಿಗೆ. ಅವರಿಗೆ ಉಳಿದವರು ಏನು ಭರವಸೆ ಕೊಟ್ಟಿದ್ದಾರೆ ಅನ್ನುವುದು ಒಪ್ಪಂದದಲ್ಲಿ ಇರಬೇಕು.

ನಾವು ಎರಡನೆಯದನ್ನೇ ಆರಿಸಿಕೊಂಡೆವು. ಲೆಕ್ಕದ ಪುಸ್ತಕ ನಮ್ಮ ಮನೆಗೆ ಬಂದಿದೆ. ತಿಂಗಳಿಗೆ ಎರಡು ಸಂಜೆ ಹಿಡಿಯುತ್ತದೆ. ಆ ಕೆಲಸ ನನಗೆ ಇಷ್ಟ. ಇಷ್ಟ ಇಲ್ಲದವರು ಫೀಸ್ ಕೊಡುವುದೇ ಲೇಸು.

ವಾರಗಳ ಹಂಚಿಕೆ

ನಮ್ಮ ಕಡೆ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಇಷ್ಟು ದಿನ ನೀರು, ಇಷ್ಟು ದಿನ ಇಲ್ಲ. ನೀರಿನ ಜಗಳವೆಲ್ಲ ಸರದಿಯ ಜಗಳ. ಇಲ್ಲಿಯೂ ಅಷ್ಟೇ. ನಾಲ್ಕು ವಾರ ಸಿಗುವುದು ಮುಖ್ಯವಲ್ಲ, ಯಾವ ನಾಲ್ಕು ಅನ್ನುವುದು ಮುಖ್ಯ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಟ್ರಸ್ಟಿನವರು ಲಾಕುಗಳ ರಿಪೇರಿಗೆ ಅಲ್ಲಲ್ಲಿ ನಾಲೆ ಮುಚ್ಚುತ್ತಾರೆ. ನೀರು ಹೆಪ್ಪುಗಟ್ಟುವುದೂ ಉಂಟು. ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲವರೆಗೆ ಸ್ಕೂಲ್ ರಜೆ, ಸುಮಾರು ಆರು ವಾರ. ಹನ್ನೆರಡು ಮನೆಗೆ ಆರು ವಾರ ಅಂದರೆ ಅರ್ಧ ಜನಕ್ಕೆ ಇಲ್ಲ.

ಕೆಲವು ಗುಂಪುಗಳಲ್ಲಿ ವಾರಗಳು ಪ್ರತಿ ವರ್ಷ ಸರಿದು ಹೋಗುತ್ತವೆ. ಈ ವರ್ಷ ಆಗಸ್ಟ್ ಸಿಕ್ಕವರಿಗೆ ಮುಂದಿನ ವರ್ಷ ಬೇರೆ. ಕೆಲವು ಕಡೆ ಅಂಕಗಳ ಲೆಕ್ಕ. ಆಗಸ್ಟಿನ ವಾರಕ್ಕೆ ಜಾಸ್ತಿ ಅಂಕ, ಫೆಬ್ರವರಿಯದಕ್ಕೆ ಕಡಿಮೆ. ನಮ್ಮಲ್ಲಿ ಚೀಟಿ ಎತ್ತಿ ಸರದಿ ಮಾಡುತ್ತೇವೆ. ಮೊದಲ ಸುತ್ತಿನಲ್ಲಿ ಮೊದಲು ಆರಿಸಿಕೊಂಡವರು ಎರಡನೇ ಸುತ್ತಿನಲ್ಲಿ ಕೊನೆಗೆ. ಈ ಕೊನೆಯದೇ ನನಗೆ ಎಲ್ಲಕ್ಕಿಂತ ನ್ಯಾಯ ಅನ್ನಿಸಿದೆ. ವಾರಗಳನ್ನು ಒಬ್ಬೊಬ್ಬರಿಗೆ ಖಾಯಂ ಮಾಡಿಟ್ಟ ಗುಂಪಾದರೆ ಪಾಲಿನ ಬೆಲೆಯನ್ನು ಆ ವಾರ ನೋಡಿ ಕಟ್ಟಿ.

ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಪಾಲುದಾರರಲ್ಲಿ ಎಷ್ಟು ಮನೆಯಲ್ಲಿ ಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ? ನಮ್ಮ ಗುಂಪಿನಲ್ಲಿ ಏಳು ಮನೆಯವರು ನಿವೃತ್ತರು. ಅವರಿಗೆ ಮೇ ತಿಂಗಳು, ಸೆಪ್ಟೆಂಬರ್ ಇಷ್ಟ. ಆಗ ದಾರಿಯಲ್ಲಿ ಗದ್ದಲ ಇರಲ್ಲ. ಹಾಗಾಗಿ ಆಗಸ್ಟಿಗೆ ಪೈಪೋಟಿಯೇ ಇಲ್ಲ. ಮಕ್ಕಳಿರುವವರು ನಿವೃತ್ತರು ಜಾಸ್ತಿ ಇರುವ ಗುಂಪು ಹುಡುಕಿ.

ನಿಮ್ಮ ವಾರವನ್ನು ದುಡ್ಡಿಗೆ ಬೇರೆಯವರಿಗೆ ಕೊಡುವ ಆಸೆ ಇಟ್ಟುಕೊಳ್ಳಬೇಡಿ. ಬಾಡಿಗೆಗೆ ಬಿಡಲು ಬೇರೆ ಲೈಸೆನ್ಸ್, ಬೇರೆ ವಿಮೆ ಬೇಕು.

ಎರಡು ಪಾಲು ಮುಂದಿದ್ದರೆ ಯಾವುದು?

ಅಗ್ಗದ ಪಾಲು ಅಂತ ಹಿಗ್ಗಬೇಡಿ. ಒಂದು ದೋಣಿಯ ಪಾಲು 3,000, ದೊಡ್ಡ ಖರ್ಚಿಗೆ ಎಲ್ಲರೂ ಸೇರಿ ಎತ್ತಿಟ್ಟ ನಿಧಿಯಲ್ಲಿ 500 ಪೌಂಡ್ ಇದೆ. ಇನ್ನೊಂದರ ಪಾಲು 4,200, ನಿಧಿಯಲ್ಲಿ 15,000 ಇದೆ. ಎರಡನೆಯದರಲ್ಲಿ ನಿಮ್ಮ ಭಾಗಕ್ಕೇ 1,250 ಪೌಂಡ್ ಕೂತಿದೆ. ಮೊದಲನೆಯದರಲ್ಲಿ 42. ಲೆಕ್ಕ ಹಾಕಿದರೆ ಎರಡನೆಯದೇ ಅಗ್ಗ. ದೋಣಿಗೆ ಪೂರ್ತಿ ಬಣ್ಣ ಮಾಡಿಸಲು 10,000 ಪೌಂಡಿನ ಆಸುಪಾಸು ಆಗಬಹುದು. ನಿಧಿ ಖಾಲಿ ಇರುವ ಕಡೆ ಪಾಲು ಕೊಂಡ ಮರುವರ್ಷವೇ 800 ಪೌಂಡಿನ ಪತ್ರ ಬರುತ್ತದೆ.

ತಳದ ಕಬ್ಬಿಣದ ಸರ್ವೆ ವರದಿ ಕೇಳಿ. ಸಾಮಾನ್ಯವಾಗಿ ಹೊಸದರಲ್ಲಿ ತಳ 10 ಮಿಲಿಮೀಟರ್, ಪಕ್ಕ 6, ಮೇಲಿನ ಕೋಣೆ 4 ದಪ್ಪ ಇರುತ್ತದೆ. ತಳದ ತಗಡು 4ರ ಹತ್ತಿರ ಬಂದರೆ ವಿಮೆಯವರು ತಕರಾರು ತೆಗೆಯುತ್ತಾರೆ. ದೋಣಿ ನೀರಿನಿಂದ ಮೇಲೆತ್ತಿ ಅಳೆದ ವರದಿಯೇ ಬೇಕು. ಬಾಯಿಮಾತು ಬೇಡ.

ಉದ್ದವನ್ನೂ ನೋಡಿ. 70 ಅಡಿಯದರಲ್ಲಿ ಜಾಗ ಧಾರಾಳ. ಆದರೆ ಲೀಡ್ಸ್–ಲಿವರ್‌ಪೂಲ್ ನಾಲೆಯ ಹೆಚ್ಚಿನ ಲಾಕುಗಳಲ್ಲಿ 62 ಅಡಿಯೇ ಲೆಕ್ಕ. ಯಾರ್ಕ್‌ಶೈರಿನ ಕಾಲ್ಡರ್ ಅಂಡ್ ಹೆಬಲ್ ನಾಲೆಯಲ್ಲಿ 57 ಅಡಿ. ಮುಂದೆ ಉತ್ತರಕ್ಕೂ ಹೋಗುವ ಆಸೆ ಇದ್ದರೆ 57ರಲ್ಲೇ ಇರಿ.

ದೋಣಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಒಂದು ವಾರದಲ್ಲಿ ನೀವು ಏನು ನೋಡುತ್ತೀರಿ ಅನ್ನುವುದನ್ನು ತೀರ್ಮಾನ ಮಾಡುತ್ತದೆ. ಹಲವು ನಾಲೆ ಹಿಡಿದು ಸುತ್ತಿ ಹೊರಟಲ್ಲಿಗೇ ಬರುವ ಫೋರ್ ಕೌಂಟೀಸ್ ರಿಂಗ್ ಸುಮಾರು 110 ಮೈಲಿ, 94 ಲಾಕು. ಗಂಟೆಗೆ 3 ಮೈಲಿ, ಲಾಕಿಗೆ ಹತ್ತು ನಿಮಿಷ ಹಿಡಿದರೆ 52 ಗಂಟೆ. ಏಳು ದಿನ, ದಿನಕ್ಕೆ ಏಳೂವರೆ ಗಂಟೆ ದುಡಿದರೆ ಸುತ್ತು ಮುಗಿಯುತ್ತದೆ. ಅಪ್ಪ ಅಮ್ಮ ಊರಿಂದ ಬಂದಿದ್ದರೆ ಇದು ಬೇಡ. ಲಾಂಗೊಥ್ಲೆನ್ ನಾಲೆಗೆ ಕರೆದುಕೊಂಡು ಹೋಗಿ. ಅಲ್ಲಿ 1805ರಲ್ಲಿ ತೆರೆದ ಪಾಂಟ್‌ಕಸಾಲ್ಥೆ ಮೇಲ್ಗಾಲುವೆ ಇದೆ. ಕಬ್ಬಿಣದ ತೊಟ್ಟಿಯಲ್ಲಿ ನೀರು, ನೀರಿನ ಮೇಲೆ ನೀವು, 38 ಮೀಟರ್ ಕೆಳಗೆ ಡೀ ನದಿ. ಒಂದು ಪಕ್ಕ ಕಾಲುದಾರಿ, ಕಟಕಟೆ. ಇನ್ನೊಂದು ಪಕ್ಕ ತೊಟ್ಟಿಯ ಅಂಚು ಬಿಟ್ಟರೆ ಏನೂ ಇಲ್ಲ. ನಮ್ಮಮ್ಮ ಆ ಕಡೆಯ ಕಿಟಕಿಗೆ ಪರದೆ ಎಳೆದು, ದಾಟುವವರೆಗೂ ವಿಷ್ಣು ಸಹಸ್ರನಾಮ ಹೇಳುತ್ತ ಕೂತಿದ್ದರು. ಆಚೆ ದಡ ಮುಟ್ಟಿದ ಮೇಲೆ ‘ಇನ್ನೊಂದ್ ಸಲ ಹೋಗಣ’ ಅಂದರು.

ಬ್ರಾನ್ಸ್‌ಟನ್ ಹತ್ತಿರ ನಿಲ್ಲುವ ದೋಣಿಯಾದರೆ ಆಕ್ಸ್‌ಫರ್ಡ್ ನಾಲೆ, ಗ್ರ್ಯಾಂಡ್ ಯೂನಿಯನ್ ಎರಡೂ ಬಾಗಿಲಲ್ಲೇ. ಪ್ರತಿ ಸಲ ಬೇರೆ ದಿಕ್ಕಿಗೆ ಹೋಗಬಹುದು. ಮೊದಲ ಪಾಲಿಗೆ ನಾನು ಹೇಳುವುದು ಇಂಥ ಜಂಕ್ಷನ್ನಿನ ಹತ್ತಿರದ ದೋಣಿ.

ಅಡುಗೆಮನೆಯ ಮಾತು. ದೋಣಿಯ ಪಾತ್ರೆಗಳಲ್ಲಿ ಎಲ್ಲರೂ ಎಲ್ಲವನ್ನೂ ಬೇಯಿಸುತ್ತಾರೆ. ಸಸ್ಯಾಹಾರಿಗಳು ಕುಕ್ಕರ್, ಕಾವಲಿ, ಎರಡು ಡಬರಿ ಜೊತೆಗೆ ಒಯ್ಯಿರಿ. ನಾವು ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಿದ್ದೇವೆ, ಕಾರಿನಿಂದ ಇಳಿಸಿದರೆ ಆಯಿತು. ಇಂಗಿನ ಒಗ್ಗರಣೆ ಹಾಕುವಾಗ ಛಾವಣಿಯ ಕಿಂಡಿ, ಎರಡೂ ಬಾಗಿಲು ತೆಗೆದಿಡಿ. ಪರದೆಗೆ ವಾಸನೆ ಹಿಡಿದರೆ ಹೋಗುವುದಿಲ್ಲ. ಮುಂದಿನ ಶನಿವಾರ ಅಲ್ಲಿ ಮಲಗುವವರು ಬೇರೆಯವರು.

ಲಾಗ್ ಪುಸ್ತಕ

ಪಾಲು ಕೊಳ್ಳುವ ಮೊದಲು ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಓದಿದ್ದು ಇದನ್ನು. ಮೂರು ವರ್ಷದ್ದು ಕೇಳಿ ತೆಗೆದುಕೊಂಡೆ. ಡೀಸೆಲ್ ಕಲೆಯ ಉದ್ದನೆಯ ನೋಟ್‌ಬುಕ್. ಪ್ರತಿ ಶನಿವಾರ ಒಬ್ಬರು ಇಳಿದು ಇನ್ನೊಬ್ಬರು ಹತ್ತುವಾಗ ಬರೆಯುವುದು. ಎಂಜಿನ್ ಎಷ್ಟು ಗಂಟೆ ಓಡಿತು, ಕಡ್ಡಿ ಇಳಿಸಿ ನೋಡಿದರೆ ಡೀಸೆಲ್ ಎಷ್ಟಿದೆ, ನೀರಿನ ಟ್ಯಾಂಕ್ ತುಂಬಿದೆಯಾ, ಟಾಯ್ಲೆಟ್ ಖಾಲಿ ಮಾಡಿದೆಯಾ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಒತ್ತಿ ನೋಡಿದೆಯಾ.

ಒಂದು ಕಡೆ ಯಾರೋ ಬರೆದಿದ್ದರು: ‘ಪ್ರೊಪೆಲ್ಲರ್ ದಂಡದ ಹತ್ತಿರ ಹನಿ ಬೀಳುತ್ತಿತ್ತು. ಗ್ರೀಸರ್ ಎರಡು ಸುತ್ತು ತಿರುಗಿಸಿದೆ. ನಿಂತಿತು.’ ಮುಂದಿನ ವಾರದವರು: ‘ಮತ್ತೆ ಹನಿ. ಮೂರು ಸುತ್ತು.’ ಅದರ ಮುಂದಿನವರು: ‘ಎಂಜಿನ್ ನೋಡುವವರಿಗೆ ಫೋನ್ ಮಾಡಿದೆ.’ ಹತ್ತು ದಿನದ ಮೇಲೆ ಬೇರೆ ಕೈಬರಹ: ‘ಪ್ಯಾಕಿಂಗ್ ಬದಲಿಸಿದ್ದೇನೆ. ಬಿಲ್ ಹಿಂದಿನ ಪುಟದಲ್ಲಿದೆ.’ ಆ ನಾಲ್ಕು ಸಾಲು ಓದಿ ಈ ಗುಂಪಿಗೆ ಸೇರಬಹುದು ಅಂದುಕೊಂಡೆ. ನಾಲ್ಕು ಜನರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿರಲಿಲ್ಲ.

ಇದೇ ಪುಸ್ತಕದಲ್ಲಿ ಆರು ತಿಂಗಳು ಬರೀ ‘ಎಲ್ಲ ಸರಿ ಇದೆ’ ಅಂತ ಇದ್ದರೆ ಅನುಮಾನ ಪಡಿ. ಹನ್ನೆರಡು ಮನೆಯವರು ಬಳಸುವ ದೋಣಿಯಲ್ಲಿ ಆರು ತಿಂಗಳು ಏನೂ ಕೆಡದೆ ಇರುವುದಿಲ್ಲ. ಬರೆದಿಲ್ಲ, ಅಷ್ಟೇ.

ಒಪ್ಪಂದದಲ್ಲಿ ಇರಲೇಬೇಕಾದವು

ದುಡ್ಡು ಕಟ್ಟದವರಿಗೆ ಆ ವರ್ಷ ವಾರ ಇಲ್ಲ ಅನ್ನುವುದು. ಸಣ್ಣ ಖರ್ಚಿಗೆ ಎಷ್ಟರವರೆಗೆ ಕೇಳದೆ ಮಾಡಬಹುದು, ದೊಡ್ಡದಕ್ಕೆ ಎಷ್ಟು ಜನರ ಒಪ್ಪಿಗೆ ಬೇಕು ಅನ್ನುವುದು. ಪಾಲು ಮಾರುವವರು ಮೊದಲು ಒಳಗಿನವರನ್ನು ಕೇಳಬೇಕಾ ಅನ್ನುವುದು. ಪಾಲುದಾರರು ತೀರಿಕೊಂಡರೆ ಪಾಲು ಯಾರಿಗೆ, ಅಲ್ಲಿಯವರೆಗೆ ವರ್ಷದ ಖರ್ಚು ಯಾರು ಕಟ್ಟಬೇಕು ಅನ್ನುವುದು. ಎಷ್ಟನೇ ವರ್ಷಕ್ಕೆ ದೋಣಿ ಮಾರಬೇಕೋ ಬೇಡವೋ ಅಂತ ವೋಟು ಹಾಕುತ್ತಾರೆ ಅನ್ನುವುದು.

ಇನ್ನೊಂದನ್ನು ಎಷ್ಟೋ ಕಡೆ ಬಿಟ್ಟಿರುತ್ತಾರೆ. ಪಾಲುದಾರರಲ್ಲದವರು ದೋಣಿ ನಡೆಸಬಹುದಾ? ಕೆಳಗಿಳಿಯುವ ಲಾಕಿನಲ್ಲಿ ಹಿಂದಿನ ಬಾಗಿಲ ಬುಡದಲ್ಲಿ ಕಲ್ಲಿನ ಮೆಟ್ಟಿಲೊಂದು ಚಾಚಿರುತ್ತದೆ. ಅದಕ್ಕೆ ಸಿಲ್ ಅನ್ನುತ್ತಾರೆ. ಎಲ್ಲಿಯವರೆಗಿದೆ ಅಂತ ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ನೀರು ಇಳಿಯುವಾಗ ದೋಣಿಯ ಹಿಂಭಾಗ ಆ ಗೆರೆಯ ಹಿಂದೆ ಸರಿದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಮುಂಭಾಗ ಮಾತ್ರ ಇಳಿಯುತ್ತದೆ. ಕೆಲವೇ ನಿಮಿಷದಲ್ಲಿ ದೋಣಿ ಮುಳುಗಬಹುದು. ಒಂದು ಸಲವೂ ನಡೆಸದ ನೆಂಟರ ಕೈಗೆ ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿ, ಕೊಟ್ಟು ನೀವು ಒಳಗೆ ಕಾಫಿ ಮಾಡಲು ಹೋಗುವಂತಿಲ್ಲ. ಹೊಸದಾಗಿ ಸೇರುವವರಿಗೆ ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಒಂದೆರಡು ದಿನದ ತರಬೇತಿ ಕಡ್ಡಾಯ ಮಾಡಿದ ಗುಂಪಾದರೆ ಇನ್ನೂ ಒಳ್ಳೆಯದು. ನಾನು ಬಾಡಿಗೆ ದೋಣಿಯಲ್ಲಿ ಕಲಿತೆ ಅಂದುಕೊಂಡಿದ್ದೆ. ಆ ಎರಡು ದಿನದಲ್ಲಿ ಎಷ್ಟು ಕಲಿತಿಲ್ಲ ಅಂತ ಗೊತ್ತಾಯಿತು.

ಎರಡು ಮೂರು ವರ್ಷದ ಕೆಲಸಕ್ಕೆ ಬಂದವರು ಪಾಲು ಕೊಳ್ಳಬೇಡಿ. ಮಾರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ನೀವು ಬೆಂಗಳೂರಿನಲ್ಲಿ ಕೂತು ಇಲ್ಲಿಯ ದೋಣಿಗೆ ಕಂತು ಕಟ್ಟುತ್ತಿರುತ್ತೀರಿ. ಬಾಡಿಗೆಗೇ ಹೋಗಿ, ಪ್ರತಿ ವರ್ಷ ಬೇರೆ ನಾಲೆ ನೋಡಿ.

ಉಳಿದವರು ದೋಣಿ ನೋಡಲು ಫೆಬ್ರವರಿಯಲ್ಲಿ ಹೋಗಿ. ಜೂನ್ ತಿಂಗಳಲ್ಲಿ ಎಲ್ಲ ದೋಣಿಯೂ ಚೆಂದ ಕಾಣುತ್ತದೆ. ಚಳಿಯಲ್ಲಿ ಹಾಸಿಗೆ ಎತ್ತಿ ಕೆಳಗಿನ ಹಲಗೆಗೆ ಅಂಗೈ ಇಡಿ, ಒದ್ದೆ ಇದೆಯಾ ನೋಡಿ. ಕಿಟಕಿಯ ಕೆಳಗೆ ಕಪ್ಪು ಬೂಷ್ಟು ಹಿಡಿದಿದೆಯಾ ನೋಡಿ. ಸ್ಟವ್‌ಗೆ ಕಲ್ಲಿದ್ದಲು ಹಾಕಿ ಹೊತ್ತಿಸಲು ಹೇಳಿ, ಒಂದು ಗಂಟೆ ಕೂತಿರಿ. ತೋರಿಸಲು ಬಂದ ಪಾಲುದಾರರು ಆ ಒಂದು ಗಂಟೆಯಲ್ಲಿ ಉಳಿದ ಹನ್ನೊಂದು ಜನರ ಬಗ್ಗೆ ಏನು ಮಾತಾಡುತ್ತಾರೆ, ಹೇಗೆ ಮಾತಾಡುತ್ತಾರೆ, ಅದನ್ನು ಕೇಳಿಸಿಕೊಳ್ಳಿ.